ಹಬ್ಬಕ್ಕೆ ಕಾರು ತೊಳೆಯುವುದು: ಅರ್ಧ ಗಂಟೆ, ಮೂರು ಬಕೆಟ್ ನೀರು, ಗೀರು ಬೀಳದ ಹಾಗೆ



ನವರಾತ್ರಿ ಹತ್ತಿರ ಬರುತ್ತಿದೆ. ಹೊಸೂರು, ತಾಳವಾಡಿ, ಮಡಕಶಿರಾ ಕಡೆಯವರು ಆಯುಧಪೂಜೆಯ ದಿನ ವಾಹನಕ್ಕೆ ಪೂಜೆ ಮಾಡುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಕೆಲವರಿಗೆ ಖಂಡೇನವಮಿ, ಕೆಲವರಿಗೆ ದಸರೆಯ ದಿನವೇ. ರಾಜ್ಯ ಯಾವುದೇ ಇರಲಿ, ಅದರ ಹಿಂದಿನ ದಿನ ನಮ್ಮೆಲ್ಲರ ಮನೆ ಮುಂದೆ ನಡೆಯುವ ಕೆಲಸ ಒಂದೇ: ಕಾರು, ಬೈಕು ತೊಳೆಯುವುದು. ಒಳಗೆ ಹಬ್ಬದ ಕೆಲಸ ಬೆಟ್ಟದಷ್ಟಿರುತ್ತದೆ, ಹಾಗಾಗಿ ಇದನ್ನು ಬೇಗ ಮುಗಿಸುವ ಅವಸರ. ಕಾರಿನ ಬಣ್ಣ ಹೆಚ್ಚಾಗಿ ಹಾಳಾಗುವುದು ಆ ಅವಸರದಲ್ಲೇ.

ಕಳೆದ ಬಾರಿ ನಮ್ಮ ಸಭೆ ಮುಗಿಸಿ ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು. ಸಾಲಾಗಿ ನಿಂತಿದ್ದ ಕಾರುಗಳ ಬಾನೆಟ್ ಮೇಲೆ ಬಿಸಿಲು ಬಿದ್ದ ಜಾಗದ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೆರೆಗಳು. ಹೆಚ್ಚು ಕಡಿಮೆ ಎಲ್ಲ ಕಾರಿನಲ್ಲೂ ಇದ್ದವು. ನನ್ನ ಕಾರಿನಲ್ಲಿ ಎಲ್ಲರಿಗಿಂತ ಹೆಚ್ಚು. "ಹೆಂಗ್ರೀ ಹಿಂಗಾತು?" ಎಂದು ಕೇಳಿದವರಿಗೆ ಅಲ್ಲಿ ನಿಂತು ಹೇಳಿದ್ದನ್ನೇ ಈಗ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ತಪ್ಪಿನಿಂದ ಆರಂಭ

ನಾನು ಆದವಾನಿಯವನು. ಬಹಳ ವರ್ಷ ದುಡಿದು ಕೊಂಡ ಮೊದಲ ಕಾರು, ಕಡು ನೀಲಿ ಬಣ್ಣದ್ದು. ದಿನಾ ಬೆಳಿಗ್ಗೆ ಹಳೆಯ ಟವೆಲ್ಲಿನಿಂದ ಧೂಳು ಒರೆಸುತ್ತಿದ್ದೆ. ವಾರಕ್ಕೊಮ್ಮೆ ಪೈಪು ಹಿಡಿದು, ಬಟ್ಟೆ ಒಗೆಯುವ ಸೋಪಿನ ಪುಡಿ ಕಲಸಿ, ಕಿತ್ತುಹೋಗುವ ಹಾಗೆ ಉಜ್ಜುತ್ತಿದ್ದೆ. ನನ್ನಷ್ಟು ಚೆನ್ನಾಗಿ ಕಾರು ಇಟ್ಟುಕೊಂಡವರು ಬೀದಿಯಲ್ಲಿ ಯಾರೂ ಇಲ್ಲ ಎಂಬ ಹೆಮ್ಮೆ ಬೇರೆ.

ಎರಡು ವರ್ಷ ಕಳೆದ ಮೇಲೆ ಹಿಂದಿನ ಬಂಪರಿಗೆ ಪೆಟ್ಟಾಗಿ ಪೇಂಟಿಂಗ್ ಕೆಲಸದವನ ಹತ್ತಿರ ಹೋದೆ. ಅವನು ಬಂಪರ್ ನೋಡುವ ಮೊದಲು ಬಾನೆಟ್ ನೋಡಿದ. "ಸಾರ್, ನೀವು ಇದನ್ನ ತೊಳೆದಿಲ್ಲ, ದಿನಾ ಸ್ಯಾಂಡ್ ಪೇಪರ್ ಹಚ್ಚೀರಿ" ಎಂದ. ನಕ್ಕೆ. ಅವನು ನಗಲಿಲ್ಲ.

ಇನ್ನೊಂದು ಮಾತು ಅದಕ್ಕಿಂತ ಆಳಕ್ಕೆ ಇಳಿಯಿತು. ಬೇಸಿಗೆಯ ಒಂದು ಭಾನುವಾರ ಪೈಪು ಬಿಟ್ಟುಕೊಂಡು ಕಾರು ತೊಳೆಯುತ್ತಿದ್ದೆ. ಪಕ್ಕದ ಮನೆಯಾಕೆ ಖಾಲಿ ಕೊಡ ಹಿಡಿದು ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ, "ಅಣ್ಣಾರ, ಆ ನೀರು ನಮ್ಮ ಮನಿಗೆ ಎರಡು ದಿನಕ್ಕ ಆಗ್ತಿತ್ತು ನೋಡ್ರಿ" ಎಂದರು. ಜಗಳದ ದನಿ ಅಲ್ಲ. ಅದಕ್ಕೇ ಉತ್ತರ ಹೊಳೆಯಲಿಲ್ಲ.

ಆ ಸಂಜೆ ಅಳೆದು ನೋಡಿದೆ. ನಮ್ಮ ಪೈಪಿನಲ್ಲಿ 15 ಲೀಟರಿನ ಬಕೆಟ್ ಒಂದು ನಿಮಿಷಕ್ಕೆ ತುಂಬಿತು. ನಾನು ಪೈಪು ಬಿಡುತ್ತಿದ್ದುದು ಇಪ್ಪತ್ತು ನಿಮಿಷ. ಅಂದರೆ 300 ಲೀಟರ್. ಇಷ್ಟು ನೀರು ಸುರಿದು, ಇಷ್ಟು ಹೊತ್ತು ದುಡಿದು ನಾನು ಮಾಡಿದ್ದು ಏನು? ಬಣ್ಣ ಕೆಡಿಸಿದ್ದು.

ಗೀರು ಬೀಳುವುದು ಹೇಗೆ

ಕಾರಿನ ತಗಡಿನ ಮೇಲೆ ಒಂದೇ ಬಣ್ಣ ಇರುವುದಿಲ್ಲ. ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಮಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಗಾಜಿನ ಹಾಗೆ ಹೊಳೆಯುವ ಒಂದು ಪದರ. ಇದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಸ ಕಾರಿನ ಹೊಳಪೆಲ್ಲ ಇದರದ್ದೇ.

ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವೇ ಒಂದು ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಅಂದರೆ ನಾವು ಉಜ್ಜುತ್ತಿರುವುದು ಕೂದಲಿಗಿಂತ ತೆಳುವಾದ ಪದರವನ್ನು.

ಇನ್ನು ಧೂಳು. ರಸ್ತೆಯ ಧೂಳಿನಲ್ಲಿ ಸಣ್ಣ ಮರಳಿನ ಕಣ ಇದ್ದೇ ಇರುತ್ತದೆ. ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾನದಲ್ಲಿ ಮರಳಿನ ಸ್ಫಟಿಕಕ್ಕೆ 7, ಕಿಟಕಿಯ ಗಾಜಿಗೆ ಸುಮಾರು 5.5. ಗಾಜನ್ನೇ ಗೀರಬಲ್ಲ ಕಣ ಕ್ಲಿಯರ್ ಕೋಟನ್ನು ಬಿಟ್ಟೀತೇ? ಒಣಬಟ್ಟೆಯ ಕೆಳಗೆ ಆ ಕಣ ಸಿಕ್ಕಿಕೊಂಡರೆ ಕೈ ಹೋದ ದಾರಿಯಲ್ಲೆಲ್ಲ ಗೆರೆ. ಕೈಯನ್ನು ಸುತ್ತ ತಿರುಗಿಸಿದರೆ ಸುತ್ತು ಗೆರೆ. ಬಿಸಿಲಿನಲ್ಲಿ ಕಾಣುವ ಆ ಜೇಡರ ಬಲೆ ಇದೇ. ಕಪ್ಪು, ಕಡು ನೀಲಿ, ಕಡು ಕೆಂಪು ಕಾರಿನಲ್ಲಿ ಎದ್ದು ಕಾಣುತ್ತದೆ. ಬಿಳಿ ಕಾರಿನಲ್ಲೂ ಬೀಳುತ್ತದೆ, ಕಣ್ಣಿಗೆ ಅಷ್ಟು ಕಾಣುವುದಿಲ್ಲ ಅಷ್ಟೆ.

ಈ ಗೆರೆಗಳು ಮತ್ತೆ ತೊಳೆದರೆ ಹೋಗುವುದಿಲ್ಲ. ಪಾಲಿಷ್ ಮಾಡಿಸಿದರೆ ಹೋಗುತ್ತವೆ, ಆದರೆ ಪಾಲಿಷ್ ಎಂದರೆ ಆ ತೆಳು ಪದರವನ್ನೇ ಇನ್ನಷ್ಟು ಸವೆಸಿ ಸಮ ಮಾಡುವುದು. ಅದನ್ನು ಒಂದು ಕಾರಿಗೆ ಮಾಡಬಹುದಾದದ್ದು ಕೆಲವೇ ಸಲ.

ಆದ್ದರಿಂದ ಈ ಲೇಖನದ ಮಾತು ಒಂದೇ: ಕೈಗಿಂತ ಮೊದಲು ನೀರು. ಧೂಳನ್ನು ನೆನೆಸಿ, ಸಡಿಲಿಸಿ, ಹರಿಸಿದ ಮೇಲೆಯೇ ಬಟ್ಟೆ ಮುಟ್ಟಿಸಬೇಕು. ಹೀಗೆ ಮಾಡಿದರೆ ಉಜ್ಜುವ ಕೆಲಸವೇ ಉಳಿಯುವುದಿಲ್ಲ. ಉಜ್ಜುವುದು ಇಲ್ಲದಿದ್ದರೆ ಕೆಲಸ ತಾನಾಗಿ ಬೇಗ ಮುಗಿಯುತ್ತದೆ. ಬಣ್ಣ ಉಳಿಸುವ ದಾರಿಯೂ ಹೊತ್ತು ಉಳಿಸುವ ದಾರಿಯೂ ಒಂದೇ.

ಬೇಕಾದ ಸಾಮಾನು

* 15 ಲೀಟರಿನ ಎರಡು ಬಕೆಟ್, ಒಂದು ಚಿಕ್ಕ ಬಕೆಟ್, ಒಂದು ಮಗ್.
* ಗಿಡಗಳಿಗೆ ನೀರು ಸಿಂಪಡಿಸುವ 2 ಲೀಟರಿನ ಕೈಪಂಪು. ನರ್ಸರಿಯಲ್ಲಿ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಹೊಲಕ್ಕೆ ಔಷಧಿ ಹೊಡೆದ ಪಂಪನ್ನು ಖಂಡಿತ ಬಳಸಬೇಡಿ.
* ಕಾರು ತೊಳೆಯುವ ಶಾಂಪೂ. ಬಾಟಲಿಯ ಮೇಲೆ ಹೇಳಿದಷ್ಟೇ ಹಾಕಿ. ಹೆಚ್ಚು ಹಾಕಿದರೆ ತೊಳೆದು ಹೋಗಲು ಹೆಚ್ಚು ನೀರು ಬೇಕು.
* ಮೈಕ್ರೋಫೈಬರ್ ಬಟ್ಟೆ ನಾಲ್ಕು. ಎರಡು ತೊಳೆಯಲು, ಒಂದು ದಪ್ಪನೆಯದು ಒರೆಸಲು, ಒಂದು ಚಕ್ರಕ್ಕೆ. ಚಕ್ರದ ಬಟ್ಟೆಗೆ ಗುರುತು ಹಾಕಿಡಿ, ಅದು ಎಂದೂ ಬಣ್ಣದ ಮೇಲೆ ಬರಬಾರದು.
* ಚಕ್ರಕ್ಕೆ ಒಂದು ಹಳೆಯ ಬ್ರಷ್.

ಸೋಪಿನ ಪುಡಿ ಬೇಡ. ಕರಗದೆ ಉಳಿದ ಕಾಳು ಮರಳಿನಂತೆಯೇ ಗೀರುತ್ತದೆ, ಜೊತೆಗೆ ಬಣ್ಣದ ಮೇಲಿರುವ ಮೇಣವನ್ನು ತೆಗೆದುಬಿಡುತ್ತದೆ. ಪಾತ್ರೆ ತೊಳೆಯುವ ದ್ರವವೂ ಮೇಣ ತೆಗೆಯುತ್ತದೆ. ಹೊಳಪು ಬರಲೆಂದು ಡೀಸೆಲ್, ಸೀಮೆಎಣ್ಣೆ ಹಚ್ಚಿ ಒರೆಸುವ ರೂಢಿ ನಮ್ಮ ಕಡೆ ಇದೆ. ಅದು ಒಂದು ದಿನದ ಹೊಳಪು. ಎಣ್ಣೆಯ ಪಸೆಗೆ ಮರುದಿನವೇ ದುಪ್ಪಟ್ಟು ಧೂಳು ಅಂಟುತ್ತದೆ, ರಬ್ಬರಿನ ಪಟ್ಟಿಗಳೂ ಕೆಡುತ್ತವೆ.

ಹಳೆಯ ಬನಿಯನ್, ಲುಂಗಿ, ಟವೆಲ್ ಏಕೆ ಬೇಡ? ಅವು ಮೆತ್ತಗಿದ್ದರೂ ಚಪ್ಪಟೆ ನೇಯ್ಗೆ. ಕಣ ಒಳಗೆ ಹೋಗಲು ಜಾಗವಿಲ್ಲದೆ ಬಟ್ಟೆಗೂ ಬಣ್ಣಕ್ಕೂ ನಡುವೆಯೇ ಉಳಿಯುತ್ತದೆ. ಮೈಕ್ರೋಫೈಬರಿನ ಸಣ್ಣ ಎಳೆಗಳು ಕಣವನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ಬಟ್ಟೆಯ ಅಂಚಿನ ಗಟ್ಟಿ ಹೊಲಿಗೆ ಮತ್ತು ಲೇಬಲ್ಲನ್ನು ಮೊದಲೇ ಕತ್ತರಿಸಿಬಿಡಿ.

ಅರ್ಧ ಗಂಟೆಯ ಕ್ರಮ

ನೆರಳಿನಲ್ಲಿ ನಿಲ್ಲಿಸಿ. ಬೆಳಿಗ್ಗೆ ಬೇಗ ಅಥವಾ ಸಂಜೆ ಆದರೆ ಒಳ್ಳೆಯದು. ಬಾನೆಟ್ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಿ. ಬಿಸಿ ತಗುಲಿದರೆ ಕಾಯಿರಿ. ಬಿಸಿ ತಗಡಿನ ಮೇಲೆ ಶಾಂಪೂ ನೀರು ತೊಳೆಯುವ ಮೊದಲೇ ಒಣಗಿ ಕಲೆಯಾಗುತ್ತದೆ. ದೂರದಿಂದ ಬಂದ ಕಾರಿನ ಬ್ರೇಕ್ ಡಿಸ್ಕ್ ಕಾದಿರುತ್ತದೆ, ಅದರ ಮೇಲೆ ತಣ್ಣೀರು ಹಾಕಬೇಡಿ.

ಮೊದಲ 2 ನಿಮಿಷ, ತಯಾರಿ. ಒಂದು ದೊಡ್ಡ ಬಕೆಟ್ಟಿನಲ್ಲಿ 8 ಲೀಟರ್ ನೀರಿಗೆ ಶಾಂಪೂ, ಇನ್ನೊಂದರಲ್ಲಿ 8 ಲೀಟರ್ ಬರೀ ನೀರು. ಚಿಕ್ಕ ಬಕೆಟ್ಟಿನಲ್ಲಿ ಚಕ್ರಕ್ಕೆ 4 ಲೀಟರ್. ಕೈಪಂಪಿನಲ್ಲಿ 2 ಲೀಟರ್ ನೀರಿಗೆ ಸ್ವಲ್ಪ ಶಾಂಪೂ.

ಮುಂದಿನ 5 ನಿಮಿಷ, ನೆನೆಸುವುದು. ಕೈಪಂಪಿನಿಂದ ಇಡೀ ಕಾರಿಗೆ ಸಿಂಪಡಿಸಿ. ಬಾಗಿಲಿನ ಕೆಳಭಾಗ, ಬಂಪರ್, ಹಿಂದಿನ ಡಿಕ್ಕಿಯ ಬಾಗಿಲಿಗೆ ಸ್ವಲ್ಪ ಹೆಚ್ಚು, ಏಕೆಂದರೆ ಮಣ್ಣು ಅಲ್ಲೇ ಹೆಚ್ಚು. ಆಮೇಲೆ ಕಾರನ್ನು ಮುಟ್ಟಬೇಡಿ. ಅದು ನೆನೆಯುವಷ್ಟರಲ್ಲಿ ಬ್ರಷ್ ಹಿಡಿದು ನಾಲ್ಕು ಚಕ್ರ ತಿಕ್ಕಿ ಮುಗಿಸಿ. ಬಲವಾಗಿ ತಿಕ್ಕಬೇಕೆನಿಸಿದರೆ ಟೈರಿನ ಮೇಲೆ ತಿಕ್ಕಿ, ಅಲ್ಲಿ ತೊಂದರೆಯಿಲ್ಲ. ಸಿಂಪಡಿಸಿದ್ದು ಒಣಗುತ್ತಿದೆ ಎನಿಸಿದರೆ ಇನ್ನೊಮ್ಮೆ ಸಿಂಪಡಿಸಿ.

ಮುಂದಿನ 3 ನಿಮಿಷ, ಹರಿಸುವುದು. ಮಗ್ಗಿನಿಂದ ಮೇಲ್ಛಾವಣಿಯಿಂದ ಕೆಳಕ್ಕೆ ನೀರು ಸುರಿಯುತ್ತಾ ಬನ್ನಿ. ಎರಚಬೇಡಿ, ಅಂಚಿಗೆ ಹತ್ತಿರ ಹಿಡಿದು ನಿಧಾನ ಸುರಿದರೆ ನೀರು ಹಾಳೆಯ ಹಾಗೆ ಜಾರಿ ಮಣ್ಣನ್ನು ಕೊಂಡೊಯ್ಯುತ್ತದೆ. 12 ಲೀಟರ್ ಸಾಕು. ಕೆಳಗೆ ಹರಿಯುವ ನೀರಿನ ಬಣ್ಣ ನೋಡಿ. ನಿಮ್ಮ ಟವೆಲ್ಲಿನ ಕೆಳಗೆ ಇಷ್ಟು ದಿನ ಇದ್ದದ್ದು ಅದೇ.

ಮುಂದಿನ 10 ನಿಮಿಷ, ತೊಳೆಯುವುದು. ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ, ಹಿಂಡದೆ, ತೊಟ್ಟಿಕ್ಕುವ ಹಾಗೆಯೇ ಇಟ್ಟು ಹಗುರವಾಗಿ ಎಳೆಯಿರಿ. ಬಟ್ಟೆಯ ಸ್ವಂತ ಭಾರ ಸಾಕು, ಕೈಯ ಭಾರ ಬೇಡ. ಗೆರೆ ನೇರವಾಗಿರಲಿ: ಬಾನೆಟ್ ಮೇಲೆ ಹಿಂದೆ ಮುಂದೆ, ಬಾಗಿಲಿನ ಮೇಲೆ ಅಡ್ಡಡ್ಡ. ಸುತ್ತು ತಿರುಗಿಸಬೇಡಿ. ಕ್ರಮ ಹೀಗೆ: ಮೇಲ್ಛಾವಣಿ, ಗಾಜು, ಬಾನೆಟ್, ಬಾಗಿಲಿನ ಮೇಲರ್ಧ, ಡಿಕ್ಕಿ, ಕೊನೆಗೆ ಬಾಗಿಲಿನ ಕೆಳರ್ಧ ಮತ್ತು ಬಂಪರ್. ಕೆಳಭಾಗಕ್ಕೆ ಎರಡನೆಯ ಬಟ್ಟೆ.

ಒಂದು ಭಾಗ ಮುಗಿದ ಕೂಡಲೇ ಬಟ್ಟೆಯನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಾಡಿ, ಆಮೇಲೆ ಶಾಂಪೂ ಬಕೆಟ್ಟಿಗೆ ಅದ್ದಿ. ಎರಡು ಬಕೆಟ್ ಇರುವುದು ಇದಕ್ಕೇ. ಒಂದೇ ಬಕೆಟ್ ಆದರೆ ಬಾನೆಟ್ಟಿನಿಂದ ತೆಗೆದ ಮಣ್ಣನ್ನು ಬಾಗಿಲಿಗೆ ಹಚ್ಚಿದ ಹಾಗಾಗುತ್ತದೆ. ಬಟ್ಟೆ ನೆಲಕ್ಕೆ ಬಿದ್ದರೆ ಅದು ಅವತ್ತಿನ ಮಟ್ಟಿಗೆ ಚಕ್ರದ ಬಟ್ಟೆ. ಎಷ್ಟು ಜಾಲಾಡಿದರೂ ಒಂದು ಕಣ ಉಳಿದಿರುತ್ತದೆ.

ಮುಂದಿನ 2 ನಿಮಿಷ, ಕೊನೆಯ ನೀರು. ಮತ್ತೆ 12 ಲೀಟರ್, ಮೇಲಿನಿಂದ ಕೆಳಕ್ಕೆ, ಹಾಳೆಯ ಹಾಗೆ.

ಕೊನೆಯ 6 ನಿಮಿಷ, ಒರೆಸುವುದು. ದಪ್ಪ ಬಟ್ಟೆಯನ್ನು ಬಿಡಿಸಿ ಬಾನೆಟ್ ಮೇಲೆ ಹಾಸಿ, ಎರಡು ತುದಿ ಹಿಡಿದು ಮೆಲ್ಲಗೆ ನಿಮ್ಮ ಕಡೆಗೆ ಎಳೆಯಿರಿ. ನೀರೆಲ್ಲ ಬಟ್ಟೆಗೆ ಬರುತ್ತದೆ. ತಾನಾಗಿ ಒಣಗಲಿ ಎಂದು ಬಿಡಬೇಡಿ.

ಒಟ್ಟು ನೀರು 46 ಲೀಟರ್, ಮೂರು ಬಕೆಟ್ಟಿನಷ್ಟು. ಹೊತ್ತು 28 ನಿಮಿಷ. ಮೊದಲ ಸಲ ಮುಕ್ಕಾಲು ಗಂಟೆ ಆಗಬಹುದು. ಮೂರನೆಯ ಸಲಕ್ಕೆ ಕೈ ಕೂಡುತ್ತದೆ.

ಬೋರಿನ ನೀರಿನ ಕಲೆ

ಆದವಾನಿ, ರಾಯದುರ್ಗ, ಮಡಕಶಿರಾ, ಜತ್ತದಂಥ ಊರುಗಳಲ್ಲಿ ಹಲವರ ಮನೆಗೆ ಬರುವುದು ಬೋರಿನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ನೀರು ಆರಿದ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತವೆ. ಸ್ನಾನದ ಮನೆಯ ನಲ್ಲಿಯ ಮೇಲೆ ಕಟ್ಟುವ ಬಿಳಿ ಪದರವೇ ಇದು. ಬಿಸಿಲಿನಲ್ಲಿ ಕಾರಿನ ಮೇಲೆ ಹಲವು ದಿನ ಉಳಿದರೆ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ.

ಇದಕ್ಕೆ ಎರಡು ಉಪಾಯ. ಒಂದು, ನೀರು ಆರುವ ಮೊದಲು ಒರೆಸುವುದು. ಎರಡು, ಕೊನೆಯ ನೀರಿಗೆ ಮಾತ್ರ ಮೃದು ನೀರು ಬಳಸುವುದು. ಹಿಡಿದಿಟ್ಟ ಮಳೆನೀರು ಬಹಳ ಒಳ್ಳೆಯದು. ಎಸಿ ಇರುವವರು ಅದರ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿಗೆ ಹಿಡಿದಿಡಿ; ಗಾಳಿಯ ತೇವ ತಣಿದು ಬಂದ ನೀರಾದ್ದರಿಂದ ಅದರಲ್ಲಿ ಲವಣ ಬಹಳ ಕಡಿಮೆ. ಆರ್‌ಒ ಯಂತ್ರದಿಂದ ಹೊರಹೋಗುವ ನೀರು ಮಾತ್ರ ಕೊನೆಗೆ ಬೇಡ. ಅದು ಇನ್ನೂ ಗಡಸು. ಚಕ್ರ ತೊಳೆಯಲು ಅದು ಸಾಕು.

ನೀರಿನ ಮಾತು ಬರಗಾಲದ ಊರುಗಳದ್ದು ಮಾತ್ರ ಅಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿತು. ಬೆಂಗಳೂರಿನಲ್ಲಿರುವ ಮಕ್ಕಳ ಮನೆಗೆ ಕಾರಿನಲ್ಲಿ ಹೋಗಿಬರುವ ಹೊಸೂರಿನ ಸದಸ್ಯರಿಗೆ ಇದು ನೆನಪಿರಬಹುದು.

ಊರಿಗೊಂದು ಮಣ್ಣು

ಕಾಸರಗೋಡು, ಗೋವಾ: ಇಲ್ಲಿ ಮಳೆಗೆ ಬರವಿಲ್ಲ, ಆದರೆ ಮಳೆಯಲ್ಲಿ ನೆನೆದ ಕಾರು ತೊಳೆದ ಕಾರಲ್ಲ. ಮಳೆ ನಿಂತ ಮೇಲೆ ಮುರಕಲ್ಲಿನ ಕೆಂಪು ಕೆಸರು ಒಣಗಿ ಕೂತಿರುತ್ತದೆ. ಸಮುದ್ರದ ಹತ್ತಿರದವರಿಗೆ ಉಪ್ಪು ಗಾಳಿ ಬೇರೆ. ಮಡ್‌ಗಾರ್ಡಿನ ಒಳಭಾಗ, ಬಾಗಿಲಿನ ಕೆಳ ಅಂಚಿಗೆ ನೀರು ಹೋಗಲೇಬೇಕು, ತುಕ್ಕು ಅಲ್ಲಿಂದಲೇ ಆರಂಭ. ಹಲಸು, ಮಾವಿನ ಮರದ ಕೆಳಗೆ ನಿಲ್ಲಿಸಿ ಅಂಟು ಬಿದ್ದಿದ್ದರೆ ಉಗುರಿನಿಂದ ಕೆರೆಯಬೇಡಿ. ಉಗುರುಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಇಟ್ಟು ಕಾಯಿರಿ.

ನೀಲಗಿರಿ, ವಯನಾಡು: ಮಂಜಿನ ತೇವಕ್ಕೆ ಧೂಳು ಅಂಟಿ ಪದರ ಕಟ್ಟುತ್ತದೆ. ಬೆಳಿಗ್ಗೆ ಆ ತೇವವನ್ನೇ ನೀರು ಎಂದುಕೊಂಡು ಒರೆಸಬೇಡಿ, ಧೂಳನ್ನು ಹರಿಸುವಷ್ಟು ಅದು ಇರುವುದಿಲ್ಲ. ಚಳಿಗೆ ತಣಿದ ಗಾಜಿಗೆ ಬಿಸಿನೀರು ಸುರಿದರೆ ಬಿರುಕು ಬಿಡಬಹುದು. ವೈಪರಿನ ಕೆಳಗೆ ಸೇರಿದ ಎಲೆಗಳನ್ನು ಕೈಯಿಂದ ತೆಗೆಯಿರಿ, ಇಲ್ಲದಿದ್ದರೆ ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ.

ತಾಳವಾಡಿ: ದಿಂಬಂ ಘಾಟಿಯ 27 ತಿರುವು ಇಳಿದ ಕಾರಿಗೆ ಕೆಳಗೆ ಮುಟ್ಟಿದ ತಕ್ಷಣ ನೀರು ಹಾಕಬೇಡಿ. ಬ್ರೇಕ್ ತಣಿಯಲಿ.

ಹೊಸೂರು: ಕಾರ್ಖಾನೆಯ ಪಕ್ಕ, ರೈಲು ಹಳಿಯ ಪಕ್ಕ ದಿನವಿಡೀ ನಿಲ್ಲುವ ಕಾರಿನ ಮೇಲೆ ಕಬ್ಬಿಣದ ಸಣ್ಣ ಕಣ ಕೂತು, ಬಿಳಿ ಬಣ್ಣದಲ್ಲಿ ಕಂದು ಚುಕ್ಕೆಯಾಗಿ ಕಾಣುತ್ತದೆ. ತೊಳೆದರೆ ಹೋಗದು. ಉಜ್ಜದೆ, ಅದನ್ನು ತೆಗೆಯಲು ಬಲ್ಲವರಿಗೆ ತೋರಿಸಿ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ: ನಮ್ಮ ಎರೆಮಣ್ಣು ಹಸಿಯಿದ್ದಾಗ ಅಂಟು, ಒಣಗಿದಾಗ ಹೆಂಟೆ. ಒಣಗಿದ್ದನ್ನು ಕೆರೆದು ತೆಗೆಯಲು ಹೋಗಬೇಡಿ. ಒದ್ದೆ ಗೋಣಿಚೀಲ ಬೇಡ, ಒದ್ದೆ ಬಟ್ಟೆಯನ್ನೇ ಅದರ ಮೇಲೆ ಹತ್ತು ನಿಮಿಷ ಅಂಟಿಸಿಡಿ. ತಾನಾಗಿ ಕರಗಿ ಜಾರುತ್ತದೆ.

ಎಲ್ಲ ಊರಿಗೂ ಒಂದು ಮಾತು: ಹಕ್ಕಿಯ ಹಿಕ್ಕೆ ಕಂಡರೆ ಭಾನುವಾರದವರೆಗೆ ಕಾಯಬೇಡಿ. ಅದರಲ್ಲಿ ಆಮ್ಲವಿದೆ, ಬಿಸಿಲು ಸೇರಿದರೆ ಕ್ಲಿಯರ್ ಕೋಟಿನಲ್ಲಿ ಗುಳಿ ಬೀಳುತ್ತದೆ. ಒದ್ದೆ ಬಟ್ಟೆ ಐದು ನಿಮಿಷ ಇಟ್ಟು, ಮೇಲಕ್ಕೆ ಎತ್ತಿ ತೆಗೆಯಿರಿ. ಒರೆಸಬೇಡಿ.

ಅರ್ಧ ಗಂಟೆಯೂ ಇಲ್ಲದಿದ್ದರೆ

ಮದುವೆಗೆ ಹೊರಡಬೇಕು, ಹತ್ತೇ ನಿಮಿಷ ಇದೆ. ಆಗ ಬಣ್ಣದ ತಂಟೆಗೆ ಹೋಗಬೇಡಿ. ಮುಂದಿನ ಗಾಜು, ಕನ್ನಡಿ, ದೀಪ, ನಂಬರ್ ಪ್ಲೇಟ್ ಮಾತ್ರ ನೀರು ಹಾಕಿ ಒರೆಸಿ. ಸುರಕ್ಷತೆಗೆ ಬೇಕಾದದ್ದು ಅಷ್ಟೇ. ಧೂಳು ಕೂತ ಕಾರು ನೋಡಲು ಚೆನ್ನಾಗಿರುವುದಿಲ್ಲ, ಆದರೆ ಕೂತ ಧೂಳು ತಾನಾಗಿ ಗೀರುವುದಿಲ್ಲ. ನಾವು ಒಣಬಟ್ಟೆ ಹಿಡಿದು ಹೋದಾಗ ಗೀರುತ್ತದೆ. ದಿನಾ ಬೆಳಿಗ್ಗೆ ಒರೆಸುವ ಅಭ್ಯಾಸ ಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಸರ್ವಿಸ್ ಸ್ಟೇಷನ್ನಿಗೆ ಕೊಡುವವರು ಮೂರು ವಿಷಯ ಗಮನಿಸಿ. ಬಟ್ಟೆ ಹಚ್ಚುವ ಮೊದಲು ನೀರು ಹೊಡೆದು ಮಣ್ಣು ಇಳಿಸುತ್ತಾರೆಯೇ? ಹಿಂದಿನ ಜೀಪಿನ ಚಕ್ರಕ್ಕೆ ಬಳಸಿದ ಬಟ್ಟೆಯೇ ನಿಮ್ಮ ಬಾನೆಟ್ಟಿಗೆ ಬರುತ್ತದೆಯೇ? ಪ್ರೆಶರ್ ಪೈಪಿನ ಬಾಯನ್ನು ಬಣ್ಣಕ್ಕೆ ತೀರಾ ಹತ್ತಿರ ಹಿಡಿಯುತ್ತಾರೆಯೇ? ಕನಿಷ್ಠ ಒಂದು ಅಡಿ ದೂರ ಇರಬೇಕು. ಬಣ್ಣ ಎದ್ದ ಕಡೆ, ಸ್ಟಿಕರಿನ ಅಂಚಿಗೆ ನೇರ ಹೊಡೆದರೆ ಕಿತ್ತು ಬರುತ್ತದೆ. ನಿಮ್ಮದೇ ಎರಡು ಬಟ್ಟೆ ಕೊಟ್ಟು, "ಇದರಾಗ ಒರಸ್ರಿ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಹಾಗೇ ಮಾಡುತ್ತೇನೆ.

ಪೂಜೆಯ ದಿನ

ಚೆನ್ನಾಗಿ ತೊಳೆದ ಕಾರಿಗೆ ಪೂಜೆಯ ದಿನವೇ ಗೀರು ಬೀಳುವುದನ್ನು ನೋಡಿದ್ದೇನೆ. ಸ್ವಲ್ಪ ಎಚ್ಚರ ಸಾಕು.

* ಚೆಂಡು ಹೂವಿನ ಹಾರವನ್ನು ತಂತಿಯಲ್ಲಿ ಕಟ್ಟಬೇಡಿ, ಹತ್ತಿಯ ದಾರದಲ್ಲಿ ಕಟ್ಟಿ. ಹಾರ ಹಾಕಿಕೊಂಡು ದೂರ ಓಡಿಸಿದರೆ ಗಾಳಿಗೆ ಅಲ್ಲಾಡಿ ಬಣ್ಣಕ್ಕೆ ಉಜ್ಜುತ್ತದೆ. ಊರು ಸುತ್ತಿ ಬಂದು ತೆಗೆದಿಡಿ.
* ಬಾಳೆಕಂಬದ ರಸ ಕಂದು ಕಲೆ ಬಿಡುತ್ತದೆ. ಕತ್ತರಿಸಿದ ತುದಿ ಬಣ್ಣಕ್ಕೆ ತಾಗದ ಹಾಗೆ ಕಟ್ಟಿ.
* ಅರಿಶಿನ, ಕುಂಕುಮ, ಗಂಧವನ್ನು ಗಾಜಿನ ಮೂಲೆಗೆ ಅಥವಾ ಒಂದು ವೀಳ್ಯದೆಲೆಯ ಮೇಲೆ ಹಚ್ಚಿ. ಬಿಳಿ ಬಣ್ಣಕ್ಕೂ ಪ್ಲಾಸ್ಟಿಕ್ ಭಾಗಕ್ಕೂ ಒದ್ದೆ ಕುಂಕುಮದ ಕಲೆ ಕೂರುತ್ತದೆ. ಹಚ್ಚಲೇಬೇಕೆಂದರೆ ಸಂಜೆಯೊಳಗೆ ನೀರು ಹಾಕಿ ತೊಳೆಯಿರಿ.
* ಆರತಿ ತಟ್ಟೆಯನ್ನು ಬಾನೆಟ್ ಮೇಲೆ ಇಡಬೇಡಿ. ತಳದ ಅಂಚು ಗೀರುತ್ತದೆ, ಕರ್ಪೂರದ ಬಿಸಿಯೂ ಒಳ್ಳೆಯದಲ್ಲ.
* ಕುಂಬಳಕಾಯಿ ಒಡೆದ ಮೇಲೆ ಚೂರುಗಳನ್ನು ರಸ್ತೆಯ ಬದಿಗೆ ಸರಿಸಿ. ಇದು ನಮ್ಮ ಕಾರಿನ ಬಣ್ಣದ ಮಾತಲ್ಲ, ಹಿಂದೆ ಬೈಕಿನಲ್ಲಿ ಬರುವವರ ಮಾತು.

ಕೊನೆಯ ಮಾತು

ಆ ನೀಲಿ ಕಾರು ಈಗಲೂ ನನ್ನ ಬಳಿ ಇದೆ. ಹಳೆಯ ಗೆರೆಗಳು ಹಾಗೇ ಇವೆ. ಹೊಸ ಗೆರೆ ಬಿದ್ದಿಲ್ಲ ಎಂಬುದಷ್ಟೇ ಸಮಾಧಾನ. ಪಕ್ಕದ ಮನೆಯಾಕೆ ಈಗ ಮಾತಾಡಿಸುತ್ತಾರೆ, ಕಳೆದ ಸಲ ಬಕೆಟ್ ಎಣಿಸಿ, "ಮೂರರಾಗ ಮುಗೀತೇನ್ರಿ?" ಎಂದು ನಕ್ಕರು. ಪೈಪನ್ನು ಅವತ್ತಿನಿಂದ ಕಾರಿಗೆ ಹಿಡಿದಿಲ್ಲ.

ನಿಮ್ಮ ಊರಿನ ಮಣ್ಣು, ನೀರು, ಮರದ ಅಂಟಿಗೆ ನೀವು ಕಂಡುಕೊಂಡ ಉಪಾಯ ಇದ್ದರೆ ಸಂಘಕ್ಕೆ ಬರೆದು ತಿಳಿಸಿ. ನಾರಾಯಣಪೇಟೆ, ಜಹೀರಾಬಾದ್ ಕಡೆಯ ಸದಸ್ಯರ ಅನುಭವ ಇಲ್ಲಿ ಸೇರಿಲ್ಲ, ಅವರೂ ಬರೆಯಲಿ. ಬಂದದ್ದನ್ನು ಮುಂದಿನ ಸಂಚಿಕೆಯಲ್ಲಿ ಸೇರಿಸೋಣ.

ಎಲ್ಲ ಸದಸ್ಯರಿಗೂ ಅವರ ಮನೆಯವರಿಗೂ ನವರಾತ್ರಿ, ದಸರಾ ಹಬ್ಬದ ಶುಭಾಶಯಗಳು.